ಎಡಗೆನ್ನೆಯ ಬಿಲ್ಲು

ಹನ್ನೆರಡನೆಯ ಅಡ್ಡಬಿಲ್ಲನ್ನೂ ಲಾಚಿಪಾ ಗೋಡೆಯ ಗೂಟಕ್ಕೆ ಮರಳಿ ತೂಗುಹಾಕಿದ.

“ಇದಕ್ಕೇನಾಯ್ತು?” ಒಲೆಯ ಪಕ್ಕ ಕೂತು ಸೆಣಬಿನ ಹೆದೆಗೆ ಜೇನುಮೇಣ ಉಜ್ಜುತ್ತಿದ್ದ ವೂಸಾ ಅಜ್ಜ ತಲೆ ಎತ್ತದೆಯೇ ಕೇಳಿದ. “ಹೆಣ್ಣು ನೋಡಕ್ಕೆ ಬಂದೋನ ಹಾಗೆ ಒಂದೊಂದನ್ನೂ ಎತ್ತಿ, ಮೂಸಿ, ಇಟ್ಟುಬಿಡ್ತಿದ್ದೀಯ. ನಿನ್ನ ಮದುವೆಗೇ ಇಷ್ಟು ಯೋಚನೆ ಮಾಡ್ಲಿಲ್ಲವಲ್ಲೋ ನೀನು.”

“ಅವತ್ತು ಎರಡು ಕಣ್ಣಿತ್ತು ಅಜ್ಜ. ಆದ್ರೂ ಏಮಾರಿದೆ. ಈಗ ಇರೋದು ಒಂದೇ. ಹುಷಾರಾಗಿರಬೇಕಲ್ಲ.”

ಅಜ್ಜನ ಊದಿದ ಗಂಟಲಲ್ಲಿ ನಗು ಗುಳಗುಳಿಸಿತು.

ಕಣ್ಣಿನ ಮಾತು ಸುಳ್ಳಲ್ಲ. ಎರಡು ಚಳಿಗಾಲದ ಹಿಂದೆ ಲಾಚಿಪಾನ ಬಲಗಣ್ಣಿಗೆ ಪೊರೆ ಕವಿದಿತ್ತು. ಆಮೇಲೆ ಅವನು ಎಡಗಣ್ಣಿನಿಂದ ಗುರಿ ಹಿಡಿಯುವುದನ್ನು ಕಲಿತಿದ್ದ. ಬಲಗೆನ್ನೆಗೆಂದು ಕೊರೆದಿದ್ದ ಹಳೆಯ ಬಿಲ್ಲಿನ ಹಿಡಿ ಎಡಗೆನ್ನೆಗೆ ಕೂರದೆ ಪ್ರತಿ ಸಲವೂ ದವಡೆಗೆ ಬಡಿಯುತ್ತಿತ್ತು. ಆದ್ದರಿಂದ ಹೊಸ ಬಿಲ್ಲು ಆರಿಸಲು ಹೊಳೆಯಾಚೆಗೆ, ಅಜ್ಜನ ಹತ್ತಿರ ಹೋಗುತ್ತೇನೆಂದಾಗ ಊರಿನಲ್ಲಿ ಯಾರೂ ಹುಬ್ಬೇರಿಸಲಿಲ್ಲ.

ಆದರೆ ಅವನ ಕರಡಿತೊಗಲಿನ ಬತ್ತಳಿಕೆಯಲ್ಲಿ ತನ್ನ ಆರು ಬಾಣಗಳ ಜೊತೆ ತನ್ನದಲ್ಲದ ಏಳನೆಯದೊಂದಿತ್ತು. ಹನ್ನೊಂದು ದಿನದ ಹಿಂದೆ ಉಪ್ಪುಬಂಡೆಯ ಬಳಿ ಬೇಟೆಗಾರ ಖಾದೂವಿನ ಕಿವಿಯ ಕೆಳಗೆ ನೆಟ್ಟಿದ್ದ ಬಾಣ ಅದು.

ಹಿರಿಯರು ಬೆರಳು ಮಾಡಿದ್ದು ತಾವಿಯ ಕಡೆಗೆ. ತಾವಿ ಎಂದರೆ ಲಾಚಿಪಾನ ಒಬ್ಬಳೇ ತಂಗಿ ಅಚೇಮಾಳ ಗಂಡ. ಕಸ್ತೂರಿಮೃಗವೊಂದು ತನ್ನ ಬಾಣಕ್ಕೆ ಬಿತ್ತೋ ಖಾದೂವಿನ ಬಾಣಕ್ಕೋ ಎಂದು ಹಿಂದಿನ ತಿಂಗಳು ಇಬ್ಬರೂ ಕೈಕೈ ಮಿಲಾಯಿಸಿದ್ದರು. ಇನ್ನು ಮೂರು ದಿನಕ್ಕೆ ತಾವಿ ಇಡೀ ಊರಿನ ಎದುರು ಕುದಿಯುವ ಹಂಡೆಗೆ ಬಲಗೈ ಅದ್ದಿ ತಳದಲ್ಲಿರುವ ಕಲ್ಲನ್ನು ಎತ್ತಬೇಕು. ಕೈಯಲ್ಲಿ ಬೊಬ್ಬೆ ಎದ್ದರೆ ಕೊಂದವನು ಅವನೇ.

ಲಾಚಿಪಾ ತನ್ನ ಆಯುಷ್ಯದಲ್ಲಿ ನಾಲ್ಕು ಜನ ಹಂಡೆಗೆ ಕೈ ಹಾಕಿದ್ದನ್ನು ನೋಡಿದ್ದ. ನಾಲ್ವರಿಗೂ ಬೊಬ್ಬೆ ಎದ್ದಿತ್ತು. ಆ ಪೈಕಿ ಇಬ್ಬರು ತಪ್ಪು ಮಾಡಿರಲಿಲ್ಲವೆಂದು ಆಮೇಲೆ ಅವನೇ ಪತ್ತೆ ಮಾಡಿದ್ದ. ಅಷ್ಟರಲ್ಲಿ ಒಬ್ಬನ ಬೆರಳುಗಳು ಒಂದಕ್ಕೊಂದು ಅಂಟಿಹೋಗಿದ್ದವು. ಬಿಸಿನೀರಿಗೆ ಸುಡುವುದೊಂದು ಬಿಟ್ಟು ಬೇರೇನೂ ಗೊತ್ತಿಲ್ಲ ಎಂದು ಅಂದಿನಿಂದ ಅವನು ನಂಬಿದ್ದ.

ಅವನು ನಂಬಿದ್ದು ಬಾಣದ ಉದ್ದವನ್ನು.

ಆ ಕಣಿವೆಯಲ್ಲಿ ಯಾರೂ ಬಾಣವನ್ನು ಕಣ್ಣಂದಾಜಿನಲ್ಲಿ ಕತ್ತರಿಸುವುದಿಲ್ಲ. ಬಿದಿರ ಕಡ್ಡಿಯನ್ನು ತಮ್ಮ ಬಿಲ್ಲಿನಲ್ಲಿ ಬಾಣ ಕೂರುವ ತೋಡಿನಲ್ಲೇ ಮಲಗಿಸಿ, ಹೆದೆ ಸಿಕ್ಕಿಸುವ ಮೂಳೆಯ ಕೀಲಿನಿಂದ ಹಿಡಿದು ಮುಂತುದಿಯಿಂದ ಒಂದು ಜೋಳದ ಕಾಳಿನಷ್ಟು ಆಚೆಗೆ ಬಿಟ್ಟು ಕತ್ತರಿಸುತ್ತಾರೆ. ಒಬ್ಬನ ಬಾಣ ಇನ್ನೊಬ್ಬನ ಬಿಲ್ಲಿಗೆ ಕೂರುವುದು ಅಪರೂಪ. ಬಿಲ್ಲು ಅವರವರ ತೋಳಿನ ಅಳತೆಯದ್ದು.

ಊರಿನ ಹತ್ತೊಂಬತ್ತು ಗಂಡಸರ ಹತ್ತೊಂಬತ್ತು ಬಿಲ್ಲುಗಳ ಮೇಲೂ ಅವನು ಆ ಬಾಣವನ್ನು ಮಲಗಿಸಿ ನೋಡಿದ್ದ. ಕೆಲವಕ್ಕೆ ಉದ್ದ, ಕೆಲವಕ್ಕೆ ಗಿಡ್ಡ. ತಾವಿಯ ಬಿಲ್ಲಿಗೆ ಮಾತ್ರ ಉಗುರಗಲ ವ್ಯತ್ಯಾಸ. ಹಿರಿಯರಿಗೆ ಅಷ್ಟೇ ಸಾಕಾಗಿತ್ತು. ಉಗುರಗಲಕ್ಕೆ ಒಬ್ಬನ ಕೈ ಸುಡುತ್ತೀರಾ ಎಂದು ಅವನು ಕೇಳಿದ್ದಕ್ಕೆ, ಹಾಗಾದರೆ ಸರಿಯಾಗಿ ಕೂರುವ ಬಿಲ್ಲನ್ನು ನೀನೇ ಹುಡುಕಿ ತಾ ಎಂದಿದ್ದರು.

ಕಣಿವೆಯ ಬಿಲ್ಲುಗಳೆಲ್ಲ ಹುಟ್ಟುವುದು ವೂಸಾ ಅಜ್ಜನ ಈ ಹೊಗೆ ಹಿಡಿದ ಕೊಟ್ಟಿಗೆಯಲ್ಲಿ. ಹೊಸತು, ರಿಪೇರಿಗೆ ಬಂದದ್ದು, ಒಡೆಯ ಬರಲೆಂದು ಕಾಯುತ್ತಿರುವುದು ಎಲ್ಲವೂ ಇದೇ ಗೋಡೆಯ ಮೇಲೆ. ಹೊಸ ಬಿಲ್ಲು ಆರಿಸುವ ನೆಪದಲ್ಲಿ ಲಾಚಿಪಾ ಬೆಳಗಿನಿಂದ ಒಂದೊಂದನ್ನೂ ಇಳಿಸುತ್ತಿದ್ದ. ಮುದುಕನ ಕಣ್ಣು ಮೇಣದ ಮೇಲಿದ್ದಾಗ ಬಾಣವನ್ನು ತೋಡಿನಲ್ಲಿ ಮಲಗಿಸುತ್ತಿದ್ದ. ಹನ್ನೆರಡೂ ಕೈಕೊಟ್ಟಿದ್ದವು.

ಅಜ್ಜನ ಸೊಸೆ ಚಹಾ ತಂದಳು. ಕೊಟ್ಟಿಗೆಯ ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆಯ ಕಲ್ಲಿನ ಮೇಲೆ ಬಟ್ಟಲುಗಳನ್ನಿಟ್ಟು, ತಣ್ಣಗಾದ್ಮೇಲೆ ಬೈಬೇಡಿ ಎಂದು ಕೂಗಿ, ಬಾಗಿಲಿಗೆ ಒರಗಿಸಿಟ್ಟಿದ್ದ ಒಂದು ಬಿಲ್ಲನ್ನು ಬಳಸಿಕೊಂಡು ದೂರದಿಂದಲೇ ಹೋದಳು. ಬಿಲ್ಲು ಇರುವ ಜಾಗದಲ್ಲಿ ಹೆಂಗಸರ ನಡಿಗೆ ಯಾವತ್ತೂ ಹಾಗೆಯೇ.

ಚಹಾ ಹೀರುತ್ತಿದ್ದಾಗ ಅವನಿಗೆ ಬೆಳಿಗ್ಗೆ ತಂಗಿ ಹೇಳಿದ ಮಾತು ನೆನಪಾಯಿತು. ಈ ದಾರಿ ತೋರಿಸಿದವಳೇ ಅಚೇಮಾ. ಗಂಡನ ಚಿಂತೆಯಲ್ಲಿ ಅವಳ ಮುಖ ಒಣಗಿ ಸಿಪ್ಪೆಯಾಗಿತ್ತು. “ಗೋಡೆ ಮೇಲಿರೋದನ್ನ ಮಾತ್ರ ನೋಡಿ ಬರಬೇಡ ಅಣ್ಣ,” ಎಂದಿದ್ದಳು. “ಮುದುಕ ಒಳ್ಳೇದನ್ನ ಮೂಲೇಲಿ ಇಟ್ಟಿರ್ತಾನೆ.”

ಅವನು ಮೂಲೆಯ ಕಡೆ ತಿರುಗಿದ.

ಬಿದಿರ ಬುಟ್ಟಿಗಳ ಹಿಂದೆ, ಸೆಣಬಿನ ಬಟ್ಟೆಯಲ್ಲಿ ಸುತ್ತಿದ ಏನೋ ಒಂದು ಗೋಡೆಗೆ ಒರಗಿ ನಿಂತಿತ್ತು. ಅಜ್ಜನ ಕೈ ಹೆದೆಯ ಮೇಲೆ ತಟ್ಟನೆ ನಿಂತದ್ದನ್ನು ಲಾಚಿಪಾ ಕಣ್ಣಂಚಿನಲ್ಲೇ ಕಂಡ. ಬಟ್ಟೆ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ.

ಹೊಸ ಬಿಲ್ಲು ವಾಲ್ನಟ್ ಎಣ್ಣೆಯ, ಮೇಣದ ವಾಸನೆ ಹೊಡೆಯಬೇಕು. ಇದು ಮಾಚಿಪತ್ರೆಯ ಹೊಗೆಯಲ್ಲಿ ದಿನಗಟ್ಟಲೆ ಕೂತಂತಿತ್ತು. ಯಾವಾಗಲೋ ಬಹಳ ಹಿಂದೆ ಇದೇ ಹೊಗೆ ಅವನ ಮೂಗಿಗೆ ಬಡಿದಿತ್ತು. ಅದರ ಜೊತೆ ಅಪ್ಪನ ಕೈಯ ಏಟಿನ ನೆನಪೂ ಇತ್ತು. ಯಾಕೆಂದು ಮಾತ್ರ ಹೊಳೆಯಲಿಲ್ಲ.

ಆಮೇಲೆ ಬಿಲ್ಲನ್ನು ನೋಡಿದ. ವಾಸನೆ ಮರೆತುಹೋಯಿತು.

ಕಾಡು ಹಿಪ್ಪುನೇರಳೆಯ ಕಮಾನು. ಮರ ಎಲ್ಲಿಯೂ ತನ್ನ ಎಳೆ ತಪ್ಪಿರಲಿಲ್ಲ. ಬೆಳೆದ ಹಾಗೆಯೇ ಬಗ್ಗಿತ್ತು, ಯಾರೂ ಬಗ್ಗಿಸಿದಂತಿರಲಿಲ್ಲ. ತೋಡಿನ ಉದ್ದಕ್ಕೂ ಬೆರಳಾಡಿಸಿದರೆ ಹೊಳೆಯೊಳಗಿನ ಕಲ್ಲನ್ನು ಸವರಿದ ಹಾಗೆ. ಮೂಳೆಯ ಕೀಲು ಹಾಲಿನ ಹಲ್ಲಿನಷ್ಟು ಬಿಳಿ. ಐವತ್ತೆಂಟು ವರ್ಷದಲ್ಲಿ ಅವನು ನೂರಾರು ಬಿಲ್ಲು ಹಿಡಿದಿದ್ದ. ಕೈಗೆ ಬಂದೊಡನೆ ತನ್ನನ್ನೇ ದಿಟ್ಟಿಸಿ ನೋಡಿದಂತಾದ ಬಿಲ್ಲು ಇದೊಂದೇ.

ಕೆನ್ನೆಗೆ ಒತ್ತಿದ. ಎಡಗೆನ್ನೆಗೆ. ಯಾರೋ ಅಂಗೈಯಿಂದ ಮುಖ ಹಿಡಿದ ಹಾಗೆ ಮರ ಬಂದು ಕೂತಿತು.

ಈ ಕಣಿವೆಯಲ್ಲಿ ಎಡಗಣ್ಣಿನಿಂದ ಗುರಿ ಹಿಡಿಯುವವನು ತಾನೊಬ್ಬನೇ.

“ಅಜ್ಜ, ಇದು ಯಾರದ್ದು?”

ಮುದುಕ ಮೊಣಕಾಲು ಹಿಡಿದು ಎದ್ದು ಬಂದು, ಬಾಗಿಲಾಚೆ ಮೆಟ್ಟಿಲುಹೊಲಗಳ ಕೊನೆಯಲ್ಲಿದ್ದ ವಾಲ್ನಟ್ ಮರವನ್ನು ತೋರಿಸಿದ. ಅದರ ಕೊಂಬೆಯಿಂದ ಜೋಳದ ತೆನೆಯ ಸಿಪ್ಪೆಯೊಂದು ನೇತಾಡುತ್ತಿತ್ತು. ತೊಂಬತ್ತು ಹೆಜ್ಜೆಯಾದರೂ ಇದ್ದೀತು. “ಮೊದ್ಲು ಹೊಡಿ. ಆಮೇಲೆ ಕೇಳು.”

ಲಾಚಿಪಾ ಹಿಡಿಯನ್ನು ಹೊಟ್ಟೆಗೆ ಊರಿ ಹೆದೆ ಎಳೆದ. ಕಮಾನು ಎಳೆಗೂಳಿಯ ಹಾಗೆ ಒಮ್ಮೆ ಸೆಣಸಿ, ಆಮೇಲೆ ತಾನಾಗಿಯೇ ಒಪ್ಪಿಕೊಂಡಿತು. ತನ್ನದೇ ಒಂದು ಬಾಣ ಇಟ್ಟ. ಅದು ತೋಡಿನಿಂದ ಎರಡು ಬೆರಳು ಮುಂದಕ್ಕೆ ಚಾಚಿಕೊಂಡಿತು. ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡ. ಉಸಿರು ಅರ್ಧ ಬಿಟ್ಟು, ಉಳಿದರ್ಧ ಹಿಡಿದು, ಕೀಲು ಒತ್ತಿದ.

ಸದ್ದಾಗಲಿಲ್ಲ. ಬೇರೆ ಬಿಲ್ಲುಗಳು ಬಾಣ ಬಿಟ್ಟಾಗ ಕೊಂಬೆ ಮುರಿದಂತೆ ಟಪ್ ಎನ್ನುತ್ತವೆ. ಇದು ಎನ್ನಲಿಲ್ಲ. ಬಾಣ ಎಲ್ಲಿ ಹೋಯಿತೆಂದು ಕಣ್ಣು ಹುಡುಕುತ್ತಿರುವಾಗಲೇ ದೂರದ ಕಾಂಡದಲ್ಲಿ, ಸಿಪ್ಪೆಯಿಂದ ಒಂದು ಗೇಣು ಪಕ್ಕಕ್ಕೆ, ಬಿದಿರೆಲೆಯ ಗರಿ ಅಲುಗಾಡಿತು. ಆ ದೂರಕ್ಕೆ ಉಳಿದ ಬಿಲ್ಲುಗಳ ಬಾಣ ಎದ್ದು ಬಾಗಿ ಇಳಿಯುತ್ತದೆ. ಇದು ನೂಲು ಹಿಡಿದಂತೆ ನೆಟ್ಟಗೆ ಹೋಗಿತ್ತು.

ಲಾಚಿಪಾ ಬಾಯಿ ತೆರೆದು ನಿಂತ. ದೊಡ್ಡ ಹಿಮಬೆಟ್ಟವನ್ನು ಮೋಡವಿಲ್ಲದ ದಿನ ಮೊದಲ ಸಲ ಕಂಡಾಗ ಹೀಗೆ ನಿಂತಿದ್ದ.

“ಅವತ್ತೂ ಹೀಗೇ,” ಎಂದು ಹಿಂದಿನಿಂದ ಒಂದು ದನಿ ಕೇಳಿತು. “ಒಂಚೂರು ಸದ್ದಿಲ್ಲ.”

ಅಂಗಳದ ಬೇಲಿಯ ಬಳಿ ಗ್ವಾದೆ ನಿಂತಿದ್ದ. ಖಾದೂವಿನ ಬೇಟೆಯ ಜೊತೆಗಾರ ಅವನು. ಹೆಣವನ್ನು ಮೊದಲು ಕಂಡವನು, ಹಂಡೆಯ ಶಪಥ ಆಗಲೇಬೇಕೆಂದು ಹಿರಿಯರ ಮುಂದೆ ಎದೆ ಬಡಿದುಕೊಂಡವನು. ಅವನ ಕೈಯಲ್ಲಿ ಕೀಲು ಒಡೆದ ಬಿಲ್ಲಿತ್ತು. ಕಣ್ಣು ಮಾತ್ರ ವಾಲ್ನಟ್ ಮರದ ಮೇಲೇ ನೆಟ್ಟು, ಬಾಣ ಹೋದ ದಾರಿಯನ್ನು ಇನ್ನೂ ನೋಡುತ್ತಿತ್ತು.

ಲಾಚಿಪಾ ಆತುರಪಡಲಿಲ್ಲ. ಬಿಲ್ಲನ್ನು ತೋಳಿಗೆ ಒರಗಿಸಿಕೊಂಡು, ಚಹಾ ಕುಡಿಯುತ್ತೀಯಾ ಎಂದು ಕೇಳಿದ. ಗ್ವಾದೆ ಬೇಡವೆಂದ. ದಾರಿ ಹೇಗಿತ್ತು, ಹೊಳೆ ದಾಟುವ ಹಗ್ಗದ ಹತ್ತಿರ ಕೆಸರಿತ್ತೇ ಎಂದೆಲ್ಲ ಲಾಚಿಪಾ ವಿಚಾರಿಸಿದ. ಆಮೇಲೆ ಅದೇ ದನಿಯಲ್ಲಿ ಕೇಳಿದ:

“ಅವತ್ತು ಅಂದ್ಯಲ್ಲ, ಯಾವತ್ತು?”

ಗ್ವಾದೆ ಅವನ ಕಡೆ ತಿರುಗಿದ. “ಏನು?”

“ಅವತ್ತೂ ಸದ್ದಿರಲಿಲ್ಲ ಅಂದೆ.”

“ಖಾದೂ ಸತ್ತ ದಿನ.” ಅವನು ಭುಜ ಕುಣಿಸಿದ. “ಇನ್ಯಾವತ್ತು?”

“ಹೊತ್ತು ಗುಡ್ಡದ ಆ ಕಡೆ ಇಳಿದ ಮೇಲೆ ಹೋದೆ, ಹೆಣ ಆಗಲೇ ಸೆಟೆದುಕೊಂಡಿತ್ತು ಅಂತ ಹಿರಿಯರ ಮುಂದೆ ಹೇಳಿದ್ದೆ ನೀನು. ಬಾಣ ಬಂದಾಗ ನೀನಿರಲಿಲ್ಲ. ಸದ್ದಿತ್ತೋ ಇಲ್ಲವೋ ನಿನಗೆ ಹೆಂಗಪ್ಪ ಗೊತ್ತು?”

ಗ್ವಾದೆ ಪೈಪನ್ನು ಬಾಯಿಗಿಟ್ಟ. ಅದರಲ್ಲಿ ಹೊಗೆಸೊಪ್ಪಿರಲಿಲ್ಲ.

“ಸದ್ದು ಕೇಳಿದ್ರೆ ಅವನು ಬಗ್ತಿದ್ದ. ಬಗ್ಗಿರಲಿಲ್ಲ. ಇದನ್ನ ತಿಳ್ಕೊಳ್ಳಕ್ಕೆ ನಿನ್ನಷ್ಟು ಬುದ್ಧಿ ಬೇಡ ಕಣೋ, ಒಂಟಿಗಣ್ಣ.”

“ಸರಿ ಮತ್ತೆ.”

“ಭಾವಮೈದುನನ ಕೈ ಉಳಿಸೋಕೆ ಸತ್ತೋನ ಜೊತೆಗಾರನ ಮೇಲೆ ಹಾಕ್ತೀಯಾ? ಹಂಡೆ ಹೇಳುತ್ತೆ ಬಿಡು, ಮೂರು ದಿನಕ್ಕೆ.”

“ಹಂಡೆ ಹೇಳೋದಾದ್ರೆ ನಿನ್ನ ಕೈಯನ್ನೂ ಒಂದು ಸಲ ಅದ್ದಿ ನೋಡೋಣ್ವಾ?” ಲಾಚಿಪಾ ನಗುತ್ತಲೇ ಕೇಳಿದ. “ನೀರು ಹೇಗೂ ಕಾಯಿಸಿರ್ತಾರೆ.”

ಗ್ವಾದೆ ನಗಲಿಲ್ಲ. ಒಡೆದ ಕೀಲಿನ ಬಿಲ್ಲನ್ನು ಅಜ್ಜನ ಕೈಗೆ ತುರುಕಿ, ನಾಳೆ ಬರುತ್ತೇನೆಂದು ಹೇಳಿ, ಬಂದ ದಾರಿಯಲ್ಲೇ ಹೊಳೆಯ ಕಡೆಗೆ ಇಳಿದುಹೋದ. ಎರಡು ತಾಸಿನ ದಾರಿ ನಡೆದು ಬಂದವನು ಒಂದು ಬಟ್ಟಲು ಚಹಾಕ್ಕೂ ಕೂರಲಿಲ್ಲ.

ಅವನ ತಲೆ ದಿಬ್ಬದ ಕೆಳಗೆ ಮರೆಯಾದ ಮೇಲೆ ಲಾಚಿಪಾ ಬತ್ತಳಿಕೆಯಿಂದ ಏಳನೆಯ ಬಾಣ ತೆಗೆದ. ಇನ್ನು ಮುದುಕನಿಂದ ಮುಚ್ಚಿಡುವುದೇನೂ ಇರಲಿಲ್ಲ. ತೋಡಿನಲ್ಲಿ ಮಲಗಿಸಿ ಹಿಂತುದಿಯನ್ನು ಕೀಲಿಗೆ ತಾಗಿಸಿದ.

ಮುಂತುದಿ ತೋಡಿನಾಚೆ ಒಂದು ಜೋಳದ ಕಾಳಿನಷ್ಟು ಚಾಚಿ ನಿಂತಿತು. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹನ್ನೊಂದು ದಿನ ಹುಡುಕಿದ್ದು ಸಿಕ್ಕಿತ್ತು. ಆದರೂ ಅವನಿಗೆ ಸಂತೋಷವಾಗಲಿಲ್ಲ. ಉಪ್ಪುಬಂಡೆಯ ಬಳಿ ಹೊಳೆಯ ಅಗಲ ತೊಂಬತ್ತು ಹೆಜ್ಜೆ. ಅಷ್ಟು ದೂರದಿಂದ ಕಿವಿಯ ಕೆಳಗಿನ ಎರಡು ಬೆರಳಗಲದ ಜಾಗಕ್ಕೆ ಹೊಡೆಯಲು ಮನುಷ್ಯರಿಂದ ಆಗದೆಂದು ಎಲ್ಲರೂ ಆಚೆ ದಡವನ್ನು ಬಿಟ್ಟೇಬಿಟ್ಟಿದ್ದರು. ಈ ಬಿಲ್ಲು ಆಗುತ್ತದೆ ಎನ್ನುತ್ತಿತ್ತು. ತನ್ನ ಕೈಯಲ್ಲಿ ಒಂದು ಗೇಣು ತಪ್ಪಿದ್ದು ಇದರ ಒಡೆಯನ ಕೈಯಲ್ಲಿ ತಪ್ಪುವುದಿಲ್ಲ. ಅಂಥ ಕೈಯೊಂದು ಈ ಕಣಿವೆಯಲ್ಲಿದೆ, ತನ್ನ ಜೊತೆಗೇ ಉಂಡು ಮಲಗಿ ಏಳುತ್ತಿದೆ ಎಂಬ ಯೋಚನೆಗೆ ಹೆದರಿಕೆಗಿಂತ ಹೆಚ್ಚಾಗಿ ಒಂದು ಬಗೆಯ ಗೌರವವೇ ಅವನಲ್ಲಿ ಮೂಡಿತು.

“ನನಗೆ ಎರಡು ಬೆರಳು ಗಿಡ್ಡ ಅಜ್ಜ, ಇದು. ಅಳತೆ ತಪ್ಪಿದ್ಯಾ?”

ಮುದುಕನ ಮುಖ ಕೆಂಪಾಯಿತು. ಅಟ್ಟದಿಂದ ಒಂದು ಕಟ್ಟು ಬಿದಿರ ಕಡ್ಡಿ ಇಳಿಸಿದ. ಬಿಲ್ಲು ಕಟ್ಟಿಸಿಕೊಂಡವರೆಲ್ಲರ ಅಳತೆಕಡ್ಡಿಗಳು ಅವು. ತೋಳಿಗೊಂದು, ಅಂಗೈಗೊಂದು, ಕೆನ್ನೆಯಿಂದ ಬೆರಳ ತುದಿಗೊಂದು ಗೀರು. ಒಡೆಯ ಸತ್ತ ದಿನ ಕಡ್ಡಿ ಅದೇ ಒಲೆಗೆ ಹೋಗುತ್ತದೆ. ಮೂವತ್ತು ವರ್ಷದ ಹೊಗೆ ಕುಡಿದು ಕಪ್ಪಾಗಿದ್ದ ಲಾಚಿಪಾನ ಕಡ್ಡಿಯನ್ನು ಎಳೆದು, ಅದರ ಪಕ್ಕಕ್ಕೆ ಇನ್ನೂ ಹಸಿರು ಆರದ ಒಂದು ಕಡ್ಡಿಯನ್ನಿಟ್ಟ. ಹೊಸದರ ಗೀರುಗಳು ಎರಡೆರಡು ಬೆರಳು ಹಿಂದಿದ್ದವು.

“ನನ್ನ ಕೈ ತಪ್ಪಲ್ಲ. ಕಡ್ಡಿ ಬಂದ ಹಾಗೇ ಕಟ್ಟಿದೀನಿ. ಬಿಲ್ಲು ಕೇಳಿದ್ದು ನಿನ್ನ ಹೆಸರಲ್ಲಿ. ಅಣ್ಣನಿಗೆ, ತಮ್ಮನಿಗೆ, ಯಾರಿಗೋ ಉಡುಗೊರೆ ಅನ್ನೋ ಹಾಗೆ. ಎಡಗೆನ್ನೆಗೆ ಮಾಡು ಅಂದ್ರು. ನಿನ್ನ ಕಣ್ಣಿನ ವಿಷಯ ಗೊತ್ತಿತ್ತು, ಸರಿ ಅಂದೆ. ಆದ್ರೆ ನಿನ್ನ ತೋಳು ನನಗೆ ಗೊತ್ತಿಲ್ವೇನೋ? ಕಡ್ಡಿ ನೋಡಿದ ಕೂಡ್ಲೇ ತಿಳೀತು. ಹೆಸರು ನಿಂದು, ಕೈ ನಿಂದಲ್ಲ.”

“ತಿಳಿದೂ ಕಟ್ಟಿದೆ.”

“ಎಡಗೆನ್ನೆಯ ಬಿಲ್ಲು ನಾನು ಆಯುಷ್ಯದಲ್ಲಿ ಕಟ್ಟಿರಲಿಲ್ಲ.” ಮುದುಕ ತನ್ನ ಕೈಗಳನ್ನೇ ನೋಡಿಕೊಂಡ. “ಹೆಂಗೆ ಬರುತ್ತೋ ನೋಡಬೇಕು ಅನ್ನಿಸ್ತು.”

ಯಾವಾಗ ಹೇಳಿದ್ದೆಂದು ಲಾಚಿಪಾ ಕೇಳಿದ. ಹುರುಳಿಗೋಧಿ ಹೂ ಬಿಡುವಾಗ, ಮೂರೂವರೆ ತಿಂಗಳ ಹಿಂದೆ ಎಂದ ಅಜ್ಜ. ಕಮಾನು ಒಲೆಯ ಮೇಲೆ ಮೂರು ತಿಂಗಳು ಒಣಗಬೇಕು. ಹಾಗಾದರೆ ತಾವಿ ಮತ್ತು ಖಾದೂ ಕಸ್ತೂರಿಮೃಗಕ್ಕಾಗಿ ಹೊಡೆದಾಡುವುದಕ್ಕೂ ಎರಡು ತಿಂಗಳು ಮೊದಲೇ ಯಾರೋ ಈ ಬಿಲ್ಲಿಗಾಗಿ ಕಾದಿದ್ದರು. ಆ ಜಗಳಕ್ಕೂ ಈ ಕೊಲೆಗೂ ಸಂಬಂಧವೇ ಇರಲಿಲ್ಲ.

ತೆಗೆದುಕೊಂಡು ಹೋದದ್ದು ಯಾವಾಗ? ಹದಿನಾಲ್ಕು ದಿನದ ಹಿಂದೆ. ಮರಳಿ ತಂದದ್ದು? ಖಾದೂ ಸತ್ತ ಮರುದಿನ. ಲಾಚಿಪಾ ಬಂದು ಕೇಳುವವರೆಗೂ ಮೂಲೆಯಲ್ಲಿಟ್ಟಿರು ಎಂದು ಹೇಳಿ ಹೋಗಿದ್ದರು. ತಂದದ್ದು ಯಾರು ಎಂದರೆ ಮಾತ್ರ ಮುದುಕನ ಬಾಯಿ ಬೀಗ. ಬಿಲ್ಲಿನ ಒಡೆಯನ ಹೆಸರನ್ನು ಕಟ್ಟಿದವನು ಹೇಳಿದರೆ ಮುಂದಿನ ಬಿಲ್ಲು ಎಳೆದವನ ಎದೆಗೇ ಮುರಿಯುತ್ತದೆ. ಲಾಚಿಪಾನಿಗೂ ಅದು ಗೊತ್ತಿತ್ತು. ಒತ್ತಾಯ ಮಾಡಲಿಲ್ಲ.

ತನಗಿಂತ ಎರಡು ಬೆರಳು ಗಿಡ್ಡ ತೋಳು. ತಾವಿ ಗಿಡ್ಡ ಮನುಷ್ಯ. ಆದರೆ ತಾವಿ ಬಲಗಣ್ಣಿನವನು, ಮೂವತ್ತು ಹೆಜ್ಜೆಯ ಆಚೆ ಹುಂಜಕ್ಕೂ ಹೊಡೆಯಲಾರ. ಮತ್ತೆ ಯಾರು?

“ಒಂದು ಹೇಳು ಅಜ್ಜ. ಮಾಚಿಪತ್ರೆ ಹೊಗೆ ಯಾಕೆ ಹಾಕಿದೆ ಇದಕ್ಕೆ?”

ವೂಸಾ ಅಜ್ಜ ಒಲೆಗೆ ಒಂದು ಸೌದೆ ಒಟ್ಟಿದ. “ಅದನ್ನ ಹೇಳಿದ್ರೂ ಹೆಸರು ಹೇಳಿದ ಹಾಗೇ ಆಗುತ್ತೆ. ಮನೆಗೆ ಹೋಗು ಲಾಚಿಪಾ. ಬಿಲ್ಲನ್ನೂ ತಗೊಂಡ್ಹೋಗು. ಅದು ಸೇರಬೇಕಾದ್ದು ನಿಮ್ಮ ಕಡೆಗೇ.”

ಹೊಸ ಬಿಲ್ಲು ಒಯ್ಯುವವನು ಹಳೆಯದರ ಹೆದೆ ಕತ್ತರಿಸಿ ಬಿಟ್ಟುಹೋಗಬೇಕು. ಒಬ್ಬನ ಭುಜದ ಮೇಲೆ ಎರಡು ಬಿಲ್ಲು ಒಟ್ಟಿಗಿರುವುದಿಲ್ಲ. ಮೂವತ್ತು ವರ್ಷದ ಒಡನಾಡಿಯನ್ನು ಲಾಚಿಪಾ ಮೊಣಕಾಲ ಮೇಲೆ ಇಟ್ಟುಕೊಂಡ. ಅದರ ಹಿಡಿಯಲ್ಲಿ ಅವನ ಬಲಗೆನ್ನೆಯ ಎಣ್ಣೆ ಕಪ್ಪಾಗಿ ಇಂಗಿತ್ತು. ಅಜ್ಜ ಚೂರಿ ಆಡಿಸಿದ. ಹೆದೆ ಸಣ್ಣಗೆ ಒಮ್ಮೆ ನಿಟ್ಟುಸಿರುಬಿಟ್ಟು ಸಡಿಲವಾಯಿತು.

ಹೊತ್ತು ನೆತ್ತಿಗೆ ಬರುವಾಗ ಅವನು ಹೊಳೆಯ ದಡದಲ್ಲಿದ್ದ.

ಬಿದಿರು ಹೊಸೆದ ಹಗ್ಗ ಈ ಬಂಡೆಯಿಂದ ಆ ಬಂಡೆಗೆ ನಡುವೆ ಜೋತು ಬಿದ್ದು ಹಬ್ಬಿತ್ತು. ಕೆಳಗೆ ಹಿಮ ಕರಗಿದ ನೀರು ಹಸಿರಾಗಿ, ಗುಡುಗಿನಂತೆ ಓಡುತ್ತಿತ್ತು. ಹಗ್ಗ ಕಟ್ಟಿದ ಕಂಬದ ಪಕ್ಕದ ಕಲ್ಲಿನ ಮೇಲೆ ಪೈಪಿನ ಬೂದಿ ಬಿದ್ದಿತ್ತು. ಮುಟ್ಟಿ ನೋಡಿದ, ಇನ್ನೂ ಬೆಚ್ಚಗಿತ್ತು. ಗ್ವಾದೆ ಈಗಷ್ಟೇ ದಾಟಿ ಹೋಗಿರಬೇಕು ಅಂದುಕೊಂಡ.

ಆಚೆ ದಡದಲ್ಲಿ ಅಚೇಮಾ ಬುಟ್ಟಿ ಬೆನ್ನಿಗೆ ಹಾಕಿಕೊಂಡು ನಿಂತಿದ್ದಳು. ಅಣ್ಣನಿಗೆ ಜೋಳದನ್ನ ತಂದಿರಬೇಕು. ಅವಳ ಕೆಂಪು ಮಣಿಗಳ ತಲೆಪಟ್ಟಿ ಬಿಸಿಲಿಗೆ ಹೊಳೆಯುತ್ತಿತ್ತು. ಅವನು ಕೈ ಬೀಸಿದ. ಅವಳು ಬೀಸಲಿಲ್ಲ.

ದಾಟುವಾಗ ಎರಡು ಕೈಯೂ ಖಾಲಿ ಇರಬೇಕು. ಆದ್ದರಿಂದ ಆಯುಧ ಮೊದಲು ಹೋಗುತ್ತದೆ. ಬಟ್ಟೆ ಸುತ್ತಿದ ಬಿಲ್ಲನ್ನೂ ಬತ್ತಳಿಕೆಯನ್ನೂ ಮರದ ಜಾರುಕೊಕ್ಕೆಗೆ ಕಟ್ಟಿ ತಳ್ಳಿದ. ಅಚೇಮಾ ಎಳೆಯುವ ಹುರಿ ಹಿಡಿದು ಜಗ್ಗಿಕೊಂಡಳು. ಕಟ್ಟು ಆಚೆ ದಡ ಸೇರಿ ಕಂಬದ ಬಳಿ ತೂಗಾಡುತ್ತ ನಿಂತಿತು. ಅದನ್ನು ಇಳಿಸಿಕೊಳ್ಳಬೇಕಾದವನು ಅವನೇ.

ತೊಗಲ ಪಟ್ಟಿಯನ್ನು ಸೊಂಟಕ್ಕೆ ಬಿಗಿದು, ಎಣ್ಣೆ ಸವರಿದ ಕೊಕ್ಕೆ ಹಗ್ಗಕ್ಕೆ ಸಿಕ್ಕಿಸಿ, ಕಾಲು ಒದ್ದು ಹೊರಟ. ಗಾಳಿ ಕಿವಿ ತುಂಬಿತು. ಜೋತುಬಿದ್ದ ನಡುಭಾಗದಲ್ಲಿ ವೇಗ ಸತ್ತಿತು. ಇನ್ನು ಕೈಗೆ ಕೈ ಹಾಕಿ ಏರಬೇಕು. ಉಸಿರು ತೆಗೆದುಕೊಳ್ಳಲು ನಿಂತು ಮುಂದಕ್ಕೆ ನೋಡಿದ.

ಅಚೇಮಾ ಬುಟ್ಟಿಯನ್ನು ಕೆಳಗಿಟ್ಟಿದ್ದಳು. ಕಟ್ಟನ್ನು ಇಳಿಸಿದ್ದಳು. ಬಟ್ಟೆ ಬಿಚ್ಚುತ್ತಿದ್ದಳು.

ಮುಟ್ಟಬೇಡ ಎಂದು ಕೂಗಲು ಅವನ ಬಾಯಿ ತಾನಾಗಿ ತೆರೆಯಿತು. ದನಿ ಹೊರಡಲಿಲ್ಲ. ಅವಳ ಕೈ ಬಿಲ್ಲಿನ ಮೇಲೆ ಬಂದು ಕೂತ ರೀತಿ ಹಾಗಿತ್ತು. ತನ್ನ ಮಗುವನ್ನು ಬೇರೆಯವರ ಮಡಿಲಿಂದ ಎತ್ತಿಕೊಂಡಂತೆ, ಹುಡುಕದೆ, ತಡವರಿಸದೆ.

ಮಾಚಿಪತ್ರೆಯ ಹೊಗೆ ಎಲ್ಲಿಯದೆಂದು ಆಗ ನೆನಪಾಯಿತು.

ಅವನಿಗೆ ಹದಿನೈದು, ಅವಳಿಗೆ ಎಂಟು. ನವಣೆಯ ಹೊಲದಲ್ಲಿ ಗಿಣಿ ಕಾಯುವಾಗ ಬೇಜಾರಿಗೆ ತಂಗಿಯ ಕೈಗೆ ಬಿಲ್ಲು ಕೊಟ್ಟಿದ್ದ. ಅವಳು ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿದ್ದಳು. ಹಾಗಲ್ಲ ಎಂದು ಇವನು ನಕ್ಕಿದ್ದ. ಉಸಿರು ಅರ್ಧ ಬಿಟ್ಟು ಅರ್ಧ ಹಿಡಿ ಎಂದು ಮಾತ್ರ ಹೇಳಿಕೊಟ್ಟಿದ್ದ. ಒಂದೇ ತಿಂಗಳಲ್ಲಿ ಅವಳು ಹಾರುವ ಗಿಣಿಗೆ ಹೊಡೆಯತೊಡಗಿದ್ದಳು. ಇವನಿಗೆ ಇಂದಿಗೂ ಅದು ಆಗಿಲ್ಲ. ಅಪ್ಪನಿಗೆ ಗೊತ್ತಾದ ದಿನ ಇವನ ಬೆನ್ನು ಸುಲಿದುಹೋಯಿತು. ಹೆಣ್ಣು ಮುಟ್ಟಿದ ಬಿಲ್ಲನ್ನು ಮೂರು ದಿನ ಮಾಚಿಪತ್ರೆಯ ಹೊಗೆಯಲ್ಲಿಟ್ಟು, ಆಮೇಲೂ ಮನಸ್ಸು ಒಪ್ಪದೆ ಅಪ್ಪ ಮುರಿದುಹಾಕಿದ್ದ. ಅಲ್ಲಿಗೆ ಎಲ್ಲರೂ ಅದನ್ನು ಮರೆತರು. ಅವನೂ ಮರೆತ.

ಹನ್ನೊಂದು ದಿನ ಅವನು ಊರಿನ ಬಿಲ್ಲುಗಳನ್ನೆಲ್ಲ ಎಣಿಸಿದ್ದ. ಎಣಿಸಿದ್ದು ಗಂಡಸರದ್ದು. ಹಿರಿಯರೂ ಅಷ್ಟೇ, ಇಡೀ ಕಣಿವೆಯೂ ಅಷ್ಟೇ. ಬಿಲ್ಲಿನ ಕೊಟ್ಟಿಗೆಯ ಹೊಸ್ತಿಲು ದಾಟದ ಹೆಂಗಸಿಗೆ ಒಳ್ಳೆಯ ಬಿಲ್ಲು ಮೂಲೆಯಲ್ಲಿದೆಯೆಂದು ಹೇಗೆ ಗೊತ್ತು ಎಂದು ಕೂಡ ಕೇಳಿಕೊಂಡಿರಲಿಲ್ಲ. ಅವಳು ತನ್ನ ಬಾಯಿಂದ ಹೇಳಲಾರದ್ದನ್ನು ಹೇಳಲೆಂದೇ ಅವನನ್ನು ಅಲ್ಲಿಗೆ ಕಳಿಸಿದ್ದಳು. ಖಾದೂವನ್ನು ಯಾಕೆ ಕೊಂದಳೆಂಬುದನ್ನು ಮಾತ್ರ ಇನ್ನು ಅವಳೇ ಹೇಳಬೇಕಿತ್ತು.

ಅಚೇಮಾ ಹಿಡಿಯನ್ನು ಹೊಟ್ಟೆಗೆ ಊರಿ ಹೆದೆ ಎಳೆದಳು. ತಾನು ಸೆಣಸಿ ಎಳೆದ ಕಮಾನು ಅವಳ ಕೈಗೆ ಬೆಣ್ಣೆಯಂತೆ ಬಂತು. ಬತ್ತಳಿಕೆಯ ಏಳು ಬಾಣಗಳಲ್ಲಿ ಒಂದನ್ನು ಆರಿಸಿದಳು. ಯಾವುದನ್ನು ಎಂದು ಅಷ್ಟು ದೂರದಿಂದಲೂ ಅವನಿಗೆ ತಿಳಿಯಿತು. ಆ ಬಿಲ್ಲಿಗೆ ಸರಿಯಾಗಿ ಕೂರುವುದು ಒಂದೇ ಇತ್ತು.

ಬಿಲ್ಲು ಎದ್ದು ಎಡಗೆನ್ನೆಗೆ ಬಂತು. ತುದಿ ನೇರವಾಗಿ ಅವನತ್ತ.

ಹೊಳೆಯ ನಡುವೆ, ಎರಡು ಕೈಯೂ ಹಗ್ಗದಲ್ಲಿ ಸಿಕ್ಕಿ ತೂಗಾಡುತ್ತ, ಲಾಚಿಪಾ ಮೊದಲು ಯೋಚಿಸಿದ್ದು ಸಾವನ್ನಲ್ಲ. ಎಷ್ಟು ಚೆನ್ನಾಗಿ ನಿಂತಿದ್ದಾಳೆ ಎಂದು. ಮೂವತ್ತೈದು ವರ್ಷ ಜೋಳ ಬೀಸಿ, ಸೌದೆ ಹೊತ್ತು, ಮಕ್ಕಳು ಹೆತ್ತ ಆ ಮೈಯಲ್ಲಿ ಒಂದು ಕೂದಲೂ ಅಲುಗುತ್ತಿರಲಿಲ್ಲ. ಕಣಿವೆಯ ಗಂಡಸರಲ್ಲಿ ಹೀಗೆ ನಿಲ್ಲಬಲ್ಲವನನ್ನು ಅವನು ನೋಡಿರಲಿಲ್ಲ.

ಆಗ ಅವನ ಅಂಗೈಯಲ್ಲಿ ಹಗ್ಗ ನಡುಗಿತು.

ಗಾಳಿಯ ನಡುಕವಲ್ಲ. ಕರಕರನೆ, ಒಂದೇ ಹದದಲ್ಲಿ, ಅವನು ಬಿಟ್ಟುಬಂದ ದಡದಿಂದ ಬರುತ್ತಿತ್ತು. ಬಿದಿರ ಎಳೆಗಳ ಮೇಲೆ ಚೂರಿ ಆಡುವ ನಡುಕ. ಬೆಚ್ಚಗಿನ ಬೂದಿ ನೆನಪಾಯಿತು. ಗ್ವಾದೆ ಹೊಳೆ ದಾಟಿರಲೇ ಇಲ್ಲ. ಬಾಯಿ ತಪ್ಪಿ ಆಡಿದ ಮಾತು ಹಿರಿಯರ ಕಿವಿ ಸೇರದಿರಲೆಂದು ಕಾದಿದ್ದ.

ಅವನು ತಿರುಗಿ ನೋಡಲು ಕತ್ತು ಹೊರಳಿಸಿದ.

“ಅಲುಗಬೇಡ ಅಣ್ಣ.”

ನೀರಿನ ಗುಡುಗಿನ ಮೇಲೂ ಅವಳ ದನಿ ಸ್ಪಷ್ಟವಾಗಿ ಬಂತು. ಅವಳ ಬಾಣಕ್ಕೂ ಹಿಂದಿನ ಕಂಬದ ಬಳಿಯ ಗ್ವಾದೆಗೂ ನಡುವೆ ತನ್ನ ತಲೆ ಇತ್ತು. ಲಾಚಿಪಾ ಕಣ್ಣು ಮುಚ್ಚಲಿಲ್ಲ. ತಾನೇ ಕಲಿಸಿದ ಹಾಗೆ ಉಸಿರನ್ನು ಅರ್ಧ ಬಿಟ್ಟು ಅರ್ಧ ಹಿಡಿದ.

ಅವಳ ಹೆದೆ ನಡುಗಿದ್ದು ಕಂಡಿತು. ಸದ್ದಾಗಲಿಲ್ಲ.

ಅದೇ ಗಳಿಗೆಯಲ್ಲಿ ಹಗ್ಗ ಸಡಿಲವಾಯಿತು.